ನೋಡುವವರಿಗಷ್ಟೇ ಕಟ್ಟಿದ ತರಗತಿ

ಬೆಳಗಾವಿಯ ನೆಹರು ನಗರದಲ್ಲಿ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯವಿದೆ, ಜೆ.ಎನ್. ವೈದ್ಯಕೀಯ ಕಾಲೇಜಿದೆ, ದೊಡ್ಡ ಆಸ್ಪತ್ರೆಯಿದೆ. ಇಂಥ ಕಡೆ ಓದುವವರಿಗೆ ಆನ್‌ಲೈನ್ ಕೋರ್ಸ್ ಹೊಸದಲ್ಲ. ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ ಮೂಲಕ ಕಲಿಯಲು ಅವಕಾಶ ಕೊಟ್ಟಿದೆ. ಇಲ್ಲಿಂದ ಹೊರಟು ಖಾನಾಪುರ ದಾಟಿ ಕಣಕುಂಬಿ, ಭೀಮಗಡದ ಕಾಡಂಚಿಗೆ ಹೋದರೆ, ಮಳೆಗಾಲದಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚಿಕೊಳ್ಳುವಂತಿಲ್ಲ. ಕೋರ್ಸ್ ಮಾತ್ರ ಎರಡೂ ಕಡೆಗೆ ಒಂದೇ.

2017ರಲ್ಲಿ ಶುರುವಾದ ಸ್ವಯಂನ ಮೂಲ ವಿನ್ಯಾಸ ನಿಜಕ್ಕೂ ಒಳ್ಳೆಯದು. ಪ್ರತಿ ಕೋರ್ಸಿಗೂ ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚೆ ಎಂಬ ನಾಲ್ಕು ಅಂಗಗಳಿರಬೇಕು. ಕಿವಿ ಕೇಳದವರಿಗೆ ಓದು, ಕಣ್ಣು ಕಾಣದವರಿಗೆ ದನಿ, ಡೇಟಾ ಸಾಲದವರಿಗೆ ಹಗುರವಾದ ಪಠ್ಯ, ಎಲ್ಲಕ್ಕೂ ಇದರೊಳಗೆ ಜಾಗವಿದೆ. ಆದರೆ ಕೋರ್ಸ್ ತಯಾರಿಸುವ ನಮ್ಮ ರೂಢಿಯಲ್ಲಿ ವಿಡಿಯೊ ಒಂದೇ ಪಾಠವಾಗಿ, ಉಳಿದ ಮೂರು ಅದರ ಬಾಲವಾಗಿವೆ. ಮೇಷ್ಟರು ಸ್ಲೈಡಿನತ್ತ ಕೈ ಮಾಡಿ ‘ಇದು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ನೋಡಿ’ ಎಂದಾಗ ಅಂಧ ವಿದ್ಯಾರ್ಥಿಗೆ ದಕ್ಕುವುದೇನು? ‘ರಕ್ತ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುತ್ತದೆ’ ಎಂದರೆ ಸಾಕಿತ್ತು. ಇದಕ್ಕೆ ಯಾವ ತಂತ್ರಾಂಶವೂ ಬೇಡ.

ಕನ್ನಡದ ಸಾಮಗ್ರಿಯಲ್ಲಿ ತೊಡಕು ಇನ್ನೂ ಆಳದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿ ಪಿಡಿಎಫ್ ಮಾಡಿದ ನೋಟ್ಸ್ ಕಣ್ಣಿಗೆ ಅಚ್ಚಗನ್ನಡ. ಕಂಪ್ಯೂಟರಿನ ಪಾಲಿಗೆ ಮಾತ್ರ ಅದು ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಅಂಧರಿಗಾಗಿ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಹಾಗೆಯೇ ಒದರುತ್ತದೆ. ಪುಸ್ತಕದ ಪುಟವನ್ನು ಫೋಟೊ ಹೊಡೆದು ಏರಿಸಿದರೆ ಅಷ್ಟೂ ಇಲ್ಲ, ಬರೀ ಮೌನ. ಲೋಕದ ಲಿಪಿಗಳಿಗೆಲ್ಲ ಏಕರೂಪದ ಸಂಕೇತ ಕೊಡುವ ಯೂನಿಕೋಡಿಗೆ ಕನ್ನಡ ಲಿಪಿ ಸೇರಿದ್ದು 1991ರಲ್ಲಿ. ನುಡಿಯಲ್ಲೇ ಯೂನಿಕೋಡ್ ಸೌಲಭ್ಯ ಬಂದು ಬಹುಕಾಲವಾಯಿತು. ಇಷ್ಟಾದ ಮೇಲೂ ಹಳೇ ಫಾಂಟಿನಲ್ಲಿ ಪಾಠ ಕೊಡುವುದು ನನ್ನ ದೃಷ್ಟಿಯಲ್ಲಿ ಅಸಡ್ಡೆಯೇ. ಯೂನಿಕೋಡಿನಲ್ಲಿರುವ ಸಾದಾ ವೆಬ್ ಪುಟವನ್ನು ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಕನ್ನಡದಲ್ಲೇ ಓದಿ ಹೇಳುತ್ತದೆ. ವಿಡಿಯೊ ಗಿರಗಿರನೆ ಸುತ್ತುತ್ತ ನಿಲ್ಲುವ ಕಾಡಂಚಿನ ಮೊಬೈಲಿನಲ್ಲೂ ಅದೇ ಪುಟ ತೆರೆದುಕೊಳ್ಳುತ್ತದೆ. ಅಂಧರಿಗೆಂದು ಮಾಡಿದ ಕೆಲಸ ಖಾನಾಪುರದ ಹಳ್ಳಿಗೂ ಒದಗುವುದು ಹೀಗೆ.

ಐಐಟಿಗಳು ಮತ್ತು ಐಐಎಸ್‌ಸಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟೆಲ್ ಈ ವಿಚಾರದಲ್ಲಿ ಮೆಚ್ಚತಕ್ಕ ದಾರಿ ಹಿಡಿದಿದೆ. ಉಪನ್ಯಾಸಗಳನ್ನು ಬರಹಕ್ಕಿಳಿಸಿ, ಹಲವನ್ನು ಕನ್ನಡಕ್ಕೂ ತಂದಿದೆ. ಇನ್ನು ಸ್ವಮೌಲ್ಯಮಾಪನದ ಪ್ರಶ್ನೆಗಳನ್ನು ಎಳೆದು ಹೊಂದಿಸುವ ಆಟದಂತೆ ಮಾಡುವವರಿಗೆ ಒಂದು ಮಾತು: ಮೌಸ್ ಹಿಡಿಯಲಾಗದವರು ಕೀಬೋರ್ಡಿನಿಂದಲೇ ಉತ್ತರಿಸುವಂತಿರಬೇಕು. ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಕನಿಷ್ಠ ಹಂತದಲ್ಲೇ ಕೇಳುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ನಡುವೆ 4.5:1ರ ವ್ಯತ್ಯಾಸವಿರಲಿ ಎಂಬುದು ಅದರ ಮುಂದಿನ ಹಂತ.

ಎಲ್ಲರಿಗೂ ಎಟುಕುವಂತೆ ಕೋರ್ಸ್ ಕಟ್ಟುವುದು ಔದಾರ್ಯದ ವಿಷಯವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಂ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. ಡಿಜಿಟಲ್ ಪ್ರವೇಶವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ.

ಕೋರ್ಸ್ ಕಟ್ಟುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಪಾಠವನ್ನು ಮೊದಲು ಯೂನಿಕೋಡಿನಲ್ಲಿ ಬರೆಯಿರಿ, ಕ್ಯಾಮೆರಾ ಆಮೇಲೆ ಬರಲಿ. ಏರಿಸುವ ಮುನ್ನ ಮಾನಿಟರ್ ಆರಿಸಿ, ಎನ್‌ವಿಡಿಎ ಹಚ್ಚಿ, ನಿಮ್ಮ ಕೋರ್ಸನ್ನು ನೀವೇ ಒಮ್ಮೆ ಮುಗಿಸಿ ನೋಡಿ. ಮುಗಿಸಲು ಆಗದಿದ್ದರೆ ಆ ಕೋರ್ಸ್ ಇನ್ನೂ ಸಿದ್ಧವಾಗಿಲ್ಲ.