ಧಣಿಯ ಮನಸ್ಸಾಕ್ಷಿ, ಬಾಣಂತಿಯ ಮನಸ್ಸಾಕ್ಷಿ

ಅರಕಲಗೂಡಿನಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ, ಎರಡನೇ ಹೆರಿಗೆಗೆಂದು ಸರ್ಕಾರಿ ಆಸ್ಪತ್ರೆ ಸೇರಿದ ಹೆಣ್ಣುಮಗಳಿಗೆ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ‘ಆಪರೇಷನ್ ಮಾಡಿಸ್ಕೋತೀಯೇನಮ್ಮಾ?’ ಎಂಬುದು. ಹೂಂ ಅಂದರೆ ಒಂದು ಒಪ್ಪಿಗೆ ಪತ್ರ ಮುಂದೆ ಬರುತ್ತದೆ. ‘ಯಾರ ಒತ್ತಾಯವೂ ಇಲ್ಲದೆ ಸ್ವ-ಇಚ್ಛೆಯಿಂದ ಒಪ್ಪಿದ್ದೇನೆ, ಗರ್ಭನಿರೋಧದ ಬೇರೆ ವಿಧಾನಗಳಿವೆ ಎಂದು ಬಲ್ಲೆ, ಇದು ಶಾಶ್ವತವೆಂದು ತಿಳಿದಿದ್ದೇನೆ, ಶಸ್ತ್ರಚಿಕಿತ್ಸೆ ವಿಫಲವಾಗುವ ಸಾಧ್ಯತೆಯೂ ಇದೆ, ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಬಂದು ತಿಳಿಸುತ್ತೇನೆ, ವಿಫಲವಾದರೆ ಸರ್ಕಾರ ಕೊಡುವ ಪರಿಹಾರವನ್ನೇ ಅಂತಿಮವೆಂದು ಒಪ್ಪುತ್ತೇನೆ’ ಎಂಬುದು ಅದರ ಸಾರಾಂಶ. ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು.

ಬರವಣಿಗೆಯಾಗಿ ನೋಡಿದರೆ ಇದು ಅಚ್ಚುಕಟ್ಟಾದ ಗದ್ಯ. ಸರ್ಕಾರವನ್ನು ಕೋರ್ಟಿನಿಂದ ಕಾಪಾಡುವ ಪ್ರತಿಯೊಂದು ವಾಕ್ಯವೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ. ‘ಬೇರೆ ವಿಧಾನಗಳಿವೆ ಎಂದು ಬಲ್ಲೆ’ ಎಂಬ ಸಾಲು ಮಾತ್ರ ಬಲು ಬೇಗ ದಾಟಿಹೋಗುತ್ತದೆ. ಯಾವ ವಿಧಾನ, ಯಾರು ಹೇಳಿದರು, ಅದು ಆ ದಿನ ಆಸ್ಪತ್ರೆಯಲ್ಲಿ ಇತ್ತೇ, ಬೇಡವೆಂದವಳು ಏಕೆ ಬೇಡವೆಂದಳು, ಯಾವುದಕ್ಕೂ ಪತ್ರದಲ್ಲಿ ಜಾಗವಿಲ್ಲ. ಗರ್ಭನಿರೋಧದ ಸುತ್ತಲಿನ ಧಾರ್ಮಿಕ ಸ್ವಾತಂತ್ರ್ಯದ ಚರ್ಚೆಯನ್ನು ಈ ಸಾಲಿನಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಜಗತ್ತಿನಲ್ಲಿ ಅದು ಶುರುವಾದದ್ದು ಬೇರೆಲ್ಲೋ.

ಅಮೆರಿಕದಲ್ಲಿ 2010ರ ಆರೋಗ್ಯ ವಿಮೆ ಕಾಯ್ದೆಯ ಬೆನ್ನಿಗೇ, ನೌಕರರಿಗೆ ಕೊಡುವ ವಿಮೆಯಲ್ಲಿ ಗರ್ಭನಿರೋಧಕಗಳೂ ಸೇರಿರಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ಕರಕುಶಲ ಸಾಮಗ್ರಿ ಮಾರುವ ಹಾಬಿ ಲಾಬಿ ಎಂಬ ಕಂಪನಿಯ ಮಾಲೀಕರು, ಇಪ್ಪತ್ತು ವಿಧಾನಗಳಲ್ಲಿ ನಾಲ್ಕು ನಮ್ಮ ಕ್ರೈಸ್ತ ನಂಬಿಕೆಗೆ ವಿರುದ್ಧ ಎಂದು ಕೋರ್ಟಿಗೆ ಹೋದರು. 2014ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅವರ ಪರ ನಿಂತಿತು. ಇದಕ್ಕಿಂತ ಸೂಕ್ಷ್ಮವಾದದ್ದು ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸನ್ಯಾಸಿನಿಯರ ತಕರಾರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ನಡೆಸುವವರು ಇದೇ ಸಂಸ್ಥೆಯವರು. ‘ನಿಮಗೆ ಆಕ್ಷೇಪವಿದ್ದರೆ ಒಂದು ಫಾರಂಗೆ ಸಹಿ ಹಾಕಿ ಕೊಡಿ, ಖರ್ಚನ್ನು ವಿಮಾ ಕಂಪನಿ ನೋಡಿಕೊಳ್ಳುತ್ತದೆ’ ಎಂದಿತು ಅಲ್ಲಿನ ಸರ್ಕಾರ. ಆ ಸಹಿಯೇ ನಮ್ಮನ್ನು ಪಾಪದಲ್ಲಿ ಪಾಲುದಾರರನ್ನಾಗಿ ಮಾಡುತ್ತದೆ ಎಂದರು ಸಿಸ್ಟರುಗಳು. ವರ್ಷಗಟ್ಟಲೆ ನಡೆದ ವ್ಯಾಜ್ಯ 2020ರಲ್ಲಿ 7–2ರಿಂದ ವಿನಾಯಿತಿಯ ಕಡೆಗೆ ವಾಲಿತು. ತೀರ್ಪನ್ನು ಒಪ್ಪಬಹುದು, ಬಿಡಬಹುದು. ಒಂದು ಸಹಿಯ ಹಿಂದಿನ ಮನಸ್ಸಾಕ್ಷಿಯನ್ನು ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಅಷ್ಟು ಗಂಭೀರವಾಗಿ ತೆಗೆದುಕೊಂಡಿತು ಎಂಬುದಂತೂ ನಿಜ. ಸಿಸ್ಟರುಗಳ ಆಶ್ರಮದಲ್ಲಿ ಸಂಬಳಕ್ಕೆ ದುಡಿಯುವ ಹೆಂಗಸಿನ ಮನಸ್ಸಾಕ್ಷಿಯ ಕತೆ ಏನೆಂದು ಅಷ್ಟೇ ತೂಕದಿಂದ ಕೇಳಿದವರು ಕಡಿಮೆ.

ನಮ್ಮಲ್ಲಿ ಇಂಥ ಕಡ್ಡಾಯ ಇಲ್ಲವೇ? ಇದೆ, ಸದ್ದಿಲ್ಲದೆ ಇದೆ. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ, ಟ್ಯೂಬೆಕ್ಟಮಿ (ಹೆಣ್ಣಿನ ಸಂತಾನಹರಣ ಆಪರೇಷನ್) ಮಾಡಿಸಿಕೊಂಡ ಹೆಂಗಸಿಗೆ ಎರಡು ವಾರ ಸಂಬಳಸಹಿತ ರಜೆ ಕೊಡಲೇಬೇಕು. ಸಕಲೇಶಪುರದ ಕಾಫಿ ತೋಟಕ್ಕೂ ಹಾಸನದ ಜವಳಿ ಕಾರ್ಖಾನೆಗೂ ಅದೇ ಕಾನೂನು. ಇಎಸ್‌ಐ ವಿಮೆಯಲ್ಲಿ ಟ್ಯೂಬೆಕ್ಟಮಿಗೆ ಹದಿನಾಲ್ಕು ದಿನ, ಗಂಡಸರ ವ್ಯಾಸೆಕ್ಟಮಿಗೆ ಏಳು ದಿನ ಪೂರ್ತಿ ಕೂಲಿ ಸಿಗುತ್ತದೆ. ಆ ವಿಮೆಗೆ ಸಂಬಳದ ಶೇ. 3.25ರಷ್ಟು ಕಟ್ಟುವವನು ಮಾಲೀಕ. ಅವನ ಹಣೆಯ ಮೇಲೆ ನಾಮವಿದೆಯೋ ಕೊರಳಲ್ಲಿ ಶಿಲುಬೆಯಿದೆಯೋ ಎಂದು ಇಎಸ್‌ಐ ಕೇಳುವುದಿಲ್ಲ. ಹಾಬಿ ಲಾಬಿಯ ಮಾಲೀಕರು ಹಾಸನದಲ್ಲಿ ಅಂಗಡಿ ತೆರೆದಿದ್ದರೆ ತೆಪ್ಪಗೆ ಚಲನ್ ಕಟ್ಟುತ್ತಿದ್ದರು.

ವೈದ್ಯರ ವಿಷಯದಲ್ಲೂ ನಮ್ಮ ನಿಯಮ ಖಡಾಖಂಡಿತ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳಲ್ಲಿ ವೃತ್ತಿ ದುರ್ನಡತೆಯ ಅಧ್ಯಾಯವಿದೆ. ವೈದ್ಯಕೀಯ ಕಾರಣವಿರುವಾಗ, ಬರೀ ಧರ್ಮದ ನೆಪದಿಂದ ಸಂತಾನಶಕ್ತಿ ಹರಣ, ಗರ್ಭನಿರೋಧ, ಗರ್ಭಪಾತಗಳಿಗೆ ನೆರವು ನಿರಾಕರಿಸುವಂತಿಲ್ಲ ಎಂದು ಅಲ್ಲಿ ಬರೆದಿದೆ. 1971ರ ಗರ್ಭಪಾತ ಕಾಯ್ದೆಯಲ್ಲೂ ವೈದ್ಯರ ಮನಸ್ಸಾಕ್ಷಿಗೆಂದು ಪ್ರತ್ಯೇಕ ವಿನಾಯಿತಿಯಿಲ್ಲ. ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಈ ಮೂರಕ್ಕೆ ಒಳಪಡಿಸಿಯೇ ಕೊಟ್ಟಿರುವುದು. ಧಣಿ ಮತ್ತು ಡಾಕ್ಟರರ ಧರ್ಮವನ್ನು ಹೊಸ್ತಿಲಾಚೆ ನಿಲ್ಲಿಸಿದ್ದು ಸರಿ ಎಂದೇ ನನ್ನ ತೀರ್ಮಾನ. ತಾಲ್ಲೂಕಿನಲ್ಲಿ ಇರುವುದು ಒಬ್ಬರೋ ಇಬ್ಬರೋ ಪ್ರಸೂತಿ ತಜ್ಞರು. ಅವರ ನಂಬಿಕೆ ಅಡ್ಡ ಬಂದರೆ ಬಡವಿಗೆ ಹೋಗಲು ಇನ್ನೊಂದು ಬಾಗಿಲಿಲ್ಲ. ಆದರೆ ಅವರಿಬ್ಬರನ್ನು ಹೊರಗೆ ನಿಲ್ಲಿಸುವ ಭರದಲ್ಲಿ ಮಂಚದ ಮೇಲೆ ಮಲಗಿದವಳ ನಂಬಿಕೆಯನ್ನೂ ಹೊರಗೇ ಬಿಟ್ಟೆವು.

ನಂಬಿಕೆ ಮತ್ತು ಗರ್ಭನಿರೋಧದ ಈ ಜಗಳ ನಮಗೆ ಹೊಸದೇನಲ್ಲ. 1930ರ ಜೂನ್‌ನಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯ ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಅದೇ ವರ್ಷ ಆಗಸ್ಟಿನಲ್ಲಿ ಆಂಗ್ಲಿಕನ್ ಬಿಷಪ್ಪರು ಲ್ಯಾಂಬೆತ್ ಸಮ್ಮೇಳನದಲ್ಲಿ ಗರ್ಭನಿರೋಧಕ್ಕೆ ಅಳುಕುತ್ತಲೇ ಬಾಗಿಲು ಅರ್ಧ ತೆರೆದರು. ಡಿಸೆಂಬರ್ 31ಕ್ಕೆ ರೋಮಿನಿಂದ ಪೋಪ್ ಹನ್ನೊಂದನೇ ಪಯಸ್ ಅದನ್ನು ಖಂಡಿಸಿ ಪರಿಪತ್ರ ಹೊರಡಿಸಿದರು. ಹಾಸನ ಜಿಲ್ಲೆಯಲ್ಲಿ ಈ ಎರಡೂ ಪರಂಪರೆಗಳಿವೆ. ಹಾಸನ ಊರಿನ ಹಳೆಯ ರೆಡ್‌ಫರ್ನ್ ಆಸ್ಪತ್ರೆ ಪ್ರಾಟೆಸ್ಟೆಂಟ್ ಮಿಷನ್ನಿನದು, ಈಗ ಸಿಎಸ್‌ಐ ಚರ್ಚಿಗೆ ಸೇರಿದ್ದು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚಿನ ಕೆಥೋಲಿಕರು ಚಿಕ್ಕಮಗಳೂರು ಧರ್ಮಪ್ರಾಂತ್ಯದವರು. (ಆ ಚರ್ಚಿನ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬರುವ ಜೋಡಿಗಳಿಗೆ ಪಯಸ್ಸರ ಚಿಂತೆ ಇದ್ದಂತಿಲ್ಲ.)

ಮನಸ್ಸಾಕ್ಷಿಯ ಹೆಸರಿನಲ್ಲಿ ಕನ್ನಡದ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗವನ್ನಂತೂ ನಾವು ಮರೆತೇಬಿಟ್ಟಿದ್ದೇವೆ. ಸ್ವಾತಂತ್ರ್ಯಾನಂತರದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಮನೆಯಲ್ಲಿ ಹುಟ್ಟಿದವರು, ಗಾಂಧೀಜಿಯ ಶಿಷ್ಯೆ. ಅಮೆರಿಕದ ಗರ್ಭನಿರೋಧ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೇ ಬಂದು ವಾದಿಸಿದರೂ ಗಾಂಧೀಜಿ ಬ್ರಹ್ಮಚರ್ಯವೊಂದೇ ದಾರಿ ಎಂದಿದ್ದವರು. ಸಚಿವೆಗೂ ಕೃತಕ ಸಾಧನಗಳು ಒಪ್ಪಿಗೆಯಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೊಳಗೂ ಅವಕ್ಕೆ ಕೆಥೋಲಿಕ್ ದೇಶಗಳ ಕಟ್ಟುನಿಟ್ಟಿನ ವಿರೋಧ. ಹಾಗಾಗಿ 1950ರ ದಶಕದ ಆರಂಭದಲ್ಲಿ ಆ ಸಂಸ್ಥೆ ಕಳಿಸಿದ ಡಾ. ಅಬ್ರಹಾಂ ಸ್ಟೋನ್ ಮಾರ್ಗದರ್ಶನದಲ್ಲಿ ದೆಹಲಿಯ ಲೋದಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಪ್ರಯೋಗಕ್ಕೆ ಇಳಿದದ್ದು ಒಂದೇ ವಿಧಾನ, ‘ಸುರಕ್ಷಿತ ದಿನ’ಗಳ ಲೆಕ್ಕ. ಓದು ಬಾರದ ಹೆಂಗಸರಿಗೆಂದು ಮಣಿಸರ ಮಾಡಿಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರವಿರಬೇಕು. ಕೆಲವರು ಸರಿಸಲು ಮರೆತರು. ಕೆಲವರು ಮಣಿ ಸರಿಸುವುದೇ ರಕ್ಷೆ ಎಂದುಕೊಂಡರು ಎಂಬ ಕತೆಯೂ ಹುಟ್ಟಿತು. ತಿಂಗಳು ಸರಿಯಾಗಿ ಆಗದವರಿಗೆ ಆ ಸರದಿಂದ ಉಪಯೋಗವೇ ಇರಲಿಲ್ಲ. ಕೆಂಪು ಮಣಿಯ ಮಾತು ಕೇಳುವ ಗಂಡ ಬೇಕಲ್ಲ, ಅವನನ್ನು ಯಾವ ಪ್ರಯೋಗವೂ ಒದಗಿಸಿಕೊಡಲಿಲ್ಲ.

ಈ ಪ್ರಯೋಗವನ್ನು ನಗೆಪಾಟಲು ಮಾಡುವುದು ಸುಲಭ. ಆ ವಿಧಾನವನ್ನು ನಂಬಿಕೆಯಿಂದ ಅನುಸರಿಸುವವರು ಈಗಲೂ ಇದ್ದಾರೆ, ಅದು ಅವರ ಹಕ್ಕು. ತಪ್ಪಿದ್ದು ಎಲ್ಲೆಂದರೆ, ದೆಹಲಿಯ ಮತ್ತು ಜಿನೀವಾದ ಮನಸ್ಸಾಕ್ಷಿಗೆ ಒಗ್ಗಿದ ಒಂದೇ ದಾರಿಯನ್ನು ರಾಮನಗರದ ಹೆಂಗಸರ ಮುಂದಿಟ್ಟದ್ದು.

ಇಂದು ಮಣಿಸರದ ಜಾಗದಲ್ಲಿ ಆಪರೇಷನ್ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಯಾವುದಾದರೊಂದು ಗರ್ಭನಿರೋಧ ವಿಧಾನ ಇರುವವರು ಶೇ. 68.7, ಅದರಲ್ಲಿ ಹೆಣ್ಣಿನ ಆಪರೇಷನ್ನೇ ಶೇ. 57.4. ಆರರಲ್ಲಿ ಐವರದು ಒಂದೇ ದಾರಿ ಎಂದಾಯಿತು. ನುಂಗುವ ಮಾತ್ರೆ, ಕಾಪರ್ ಟಿ, 2017ರಿಂದ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು, ವಾರಕ್ಕೊಮ್ಮೆಯ ‘ಛಾಯಾ’ ಮಾತ್ರೆ, ಎಲ್ಲವೂ ಸರ್ಕಾರದ ಪಟ್ಟಿಯಲ್ಲಿ ಉಚಿತ. ಮಹಿಳೆಯರ ಬದುಕಿನಲ್ಲಿ ಮಾತ್ರ ಅವು ಆಪರೇಷನ್ನಿನ ನೆರಳಿನಲ್ಲಿವೆ.

ಧರ್ಮದ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಮಕ್ಕಳ ನಡುವೆ ಅಂತರ ಇಟ್ಟುಕೊಳ್ಳುವುದಕ್ಕೂ ದೇಹವನ್ನು ಶಾಶ್ವತವಾಗಿ ಬದಲಿಸುವುದಕ್ಕೂ ಅನೇಕ ನಂಬಿಕೆಗಳು ವ್ಯತ್ಯಾಸ ಮಾಡುತ್ತವೆ. ತಾತ್ಕಾಲಿಕ ವಿಧಾನ ಸರಿ, ಶಾಶ್ವತವಾದದ್ದು ಕೂಡದು ಎನ್ನುವ ಉಲೇಮಾಗಳು ಬಹಳ ಮಂದಿ. ಕೆಥೋಲಿಕ್ ಬೋಧನೆ ಎರಡನ್ನೂ ಒಪ್ಪದೆ ದಿನದ ಲೆಕ್ಕವನ್ನಷ್ಟೇ ಒಪ್ಪುತ್ತದೆ. ದೇವರಿಗೆ ಹರಕೆ ಹೊತ್ತು ಇನ್ನೊಂದು ಮಗುವಿಗೆ ಕಾದಿರುವ ಒಕ್ಕಲಿಗರ ಸೊಸೆಗೂ ಅವಳದೇ ಲೆಕ್ಕಾಚಾರವಿದೆ. ಚನ್ನರಾಯಪಟ್ಟಣದ ಪೇಟೆಯ ಮುಸ್ಲಿಂ ಹೆಣ್ಣುಮಗಳೊಬ್ಬಳು ‘ಅಂತರಾ’ ಸಾಕು ಅಂದರೆ, ಮೂರು ತಿಂಗಳಿಗೊಮ್ಮೆ ತಪ್ಪದೆ ಅದು ದಾಸ್ತಾನಿನಲ್ಲಿರಬೇಕು, ಮುಟ್ಟಿನ ಏರುಪೇರಿನ ಬಗ್ಗೆ ಅವಳಿಗೆ ಹೇಳಲು ನರ್ಸಿಗೆ ಬಿಡುವಿರಬೇಕು. ಅದಿಲ್ಲದಿದ್ದರೆ ಅವಳ ಎದುರಿಗಿರುವುದು ಎರಡೇ ದಾರಿ, ನಂಬಿಕೆ ಬಿಟ್ಟು ಆಪರೇಷನ್, ಇಲ್ಲವೇ ಇನ್ನೊಂದು ಬಸಿರು. ಆಗ ‘ಅವರ ಜನ ಒಪ್ಪಲ್ಲ ಬಿಡಿ’ ಎಂಬ ಮಾತು ಬರುತ್ತದೆ. ಒಪ್ಪುವಂಥದ್ದನ್ನು ಕೊಟ್ಟೆವೇ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಒಪ್ಪಿಗೆ ಯಾರದೆಂಬುದರಲ್ಲೂ ಗೊಂದಲವಿದೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಬೇಕೆನ್ನುತ್ತದೆ 2002ರ ವೈದ್ಯರ ನೀತಿ. ಸಂಗಾತಿಯ ಒಪ್ಪಿಗೆ ಬೇಕಿಲ್ಲ ಎನ್ನುತ್ತವೆ ಆರೋಗ್ಯ ಸಚಿವಾಲಯದ 2006ರ ಮಾನದಂಡಗಳು. ತೀರ್ಮಾನಶಕ್ತಿ ಕುಂದಿಸುವ ದೈಹಿಕ, ಮಾನಸಿಕ ಒತ್ತಡದಲ್ಲಿ ಸಹಿ ತೆಗೆದುಕೊಳ್ಳಬಾರದೆಂದೂ ಆ ಮಾನದಂಡಗಳೇ ಹೇಳುತ್ತವೆ. ಸಿಸೇರಿಯನ್ನಿಗೆ ಒಯ್ಯುವ ಹೊತ್ತಿನಲ್ಲಿ ‘ಅದರ ಜೊತೆಗೇ ಮುಗಿಸಿಬಿಡೋಣ’ ಎಂದು ಅತ್ತೆ, ಗಂಡ, ನರ್ಸ್ ಸೇರಿ ಹೇಳುವ ಮಾತು ಈ ನಿಯಮಕ್ಕೆ ಸರಿಹೊಂದುವುದು ಹೇಗೆಂದು ನನಗಂತೂ ಹೊಳೆಯುತ್ತಿಲ್ಲ.

ವಿಮೆಯ ಕಡೆಗೂ ಒಂದು ನೋಟ. ನಮ್ಮ ಖಾಸಗಿ ಆರೋಗ್ಯ ಪಾಲಿಸಿಗಳಲ್ಲಿ ಗರ್ಭನಿರೋಧಕ್ಕೆ ಜಾಗವೇ ಕಮ್ಮಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ 17ನೆಯದು ‘ಯಾವುದೇ ಬಗೆಯ ಗರ್ಭನಿರೋಧ, ಸಂತಾನಶಕ್ತಿ ಹರಣ’ವನ್ನು ಹೆಸರಿಸಿಯೇ ಹೊರಗಿಡುತ್ತದೆ. ಅಮೆರಿಕದಲ್ಲಿ ಧರ್ಮದ ಹೆಸರಿನಲ್ಲಿ ಬಡಿದಾಡಿ ಪಡೆದದ್ದನ್ನು ನಮ್ಮ ಕಂಪನಿಗಳು ಯಾವ ದೇವರನ್ನೂ ಕರೆಯದೆ ಪಡೆದಿವೆ. ಸರ್ಕಾರದ ವಿಮೆಯಾದರೋ ಕೆಲಸ ಕೆಟ್ಟ ಮೇಲಿನದು. ಸಂತಾನಹರಣ ಶಿಬಿರಗಳ ಅವ್ಯವಸ್ಥೆ ಕುರಿತ ರಮಾಕಾಂತ್ ರೈ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಗದರಿಸಿದ ಮೇಲೆ 2005ರಲ್ಲಿ ಬಂದ ಕುಟುಂಬ ಯೋಜನೆ ವಿಮೆ, 2013ರಿಂದ ಪರಿಹಾರ ಯೋಜನೆಯಾಗಿದೆ. ಅಂಥದ್ದೇ ದೇವಿಕಾ ಬಿಸ್ವಾಸ್ ಪ್ರಕರಣದ 2016ರ ತೀರ್ಪಿನ ನಂತರ ಮೊತ್ತಗಳು ದುಪ್ಪಟ್ಟಾದವು: ಏಳು ದಿನದೊಳಗೆ ಸತ್ತರೆ ನಾಲ್ಕು ಲಕ್ಷ, ಆಪರೇಷನ್ ವಿಫಲವಾಗಿ ಬಸಿರಾದರೆ ಅರವತ್ತು ಸಾವಿರ. ಆಪರೇಷನ್ ವಿಫಲವಾದವಳಿಗೆ ಉಚಿತ ಗರ್ಭಪಾತದ ಅವಕಾಶವನ್ನೂ ಒಪ್ಪಿಗೆ ಪತ್ರ ನೆನಪಿಸುತ್ತದೆ. ಗರ್ಭಪಾತ ತನ್ನ ಧರ್ಮಕ್ಕೆ ಸಲ್ಲದು ಎನ್ನುವವಳಿಗೆ ಈ ಸಾಧ್ಯತೆಯನ್ನು ಮುಂಚೆಯೇ ಕೂರಿಸಿ ವಿವರಿಸಬೇಕಿತ್ತು. ಅದು ಸಹಿಯ ಮೇಲಿನ ಒಂದು ಸಾಲಾಗಿ ಉಳಿದಿದೆ.

ಗಂಡಸರ ಅಂಕಣವನ್ನೂ ನೋಡಿಬಿಡೋಣ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುರುಷರ ಆಪರೇಷನ್ ಶೇ. 0.0. ಕೇಂದ್ರದ 2007ರ ದರಪಟ್ಟಿಯಲ್ಲಿ ವ್ಯಾಸೆಕ್ಟಮಿ ಮಾಡಿಸಿಕೊಂಡವನಿಗೆ 1100 ರೂಪಾಯಿ, ಟ್ಯೂಬೆಕ್ಟಮಿಯ ಬಡ ಹೆಂಗಸಿಗೆ 600. ಚಿಕಿತ್ಸೆ ಹಗುರ, ಹಣ ಹೆಚ್ಚು, ಆದರೂ ಸೊನ್ನೆ. ತುರ್ತು ಪರಿಸ್ಥಿತಿಯ ಬಲವಂತದ ವ್ಯಾಸೆಕ್ಟಮಿಗಳ ನೆನಪು ಇದಕ್ಕೆ ಕಾರಣ ಎನ್ನುತ್ತಾರೆ. ಆ ಕಾಲದಲ್ಲಿ ಹುಟ್ಟಿಯೂ ಇರದ ಗಂಡಂದಿರ ವಿಷಯದಲ್ಲಿ ನಾನು ಅದನ್ನು ನಂಬಲಾರೆ. ಕೆಥೋಲಿಕರನ್ನು ಬಿಡಿ, ಮುಸ್ಲಿಮರನ್ನು ಬಿಡಿ, ವ್ಯಾಸೆಕ್ಟಮಿ ಬೇಡವೆನ್ನುವ ಯಾವ ಶಾಸ್ತ್ರವನ್ನೂ ಓದಿರದ ಹೊಳೆನರಸೀಪುರದ ಗೌಡರ ಹುಡುಗನೂ ಆ ಮಂಚದ ಹತ್ತಿರ ಸುಳಿಯುವುದಿಲ್ಲ. ಅವನ ಬೇಡವನ್ನು ಆಸ್ಪತ್ರೆ ಮರುಮಾತಿಲ್ಲದೆ ಒಪ್ಪಿಕೊಂಡು, ಒಪ್ಪಿಗೆ ಪತ್ರವನ್ನು ಅವನ ಹೆಂಡತಿಯ ಕಡೆಗೆ ತಿರುಗಿಸುತ್ತದೆ.