ಹಿಡಿಯಕ್ಕಿಯ ಸೆಳೆತ

ವಚನಕಾರರು ಆಸೆಯನ್ನು ಕುರಿತು ಆಡಿದ ಮಾತುಗಳನ್ನು ವಿವೇಚಿಸುವಾಗ ಹೊನ್ನು, ಹೆಣ್ಣು, ಮಣ್ಣುಗಳೆಂಬ ತ್ರಿವಿಧದ ಕಡೆಗೇ ನಮ್ಮ ವಿಮರ್ಶೆಯ ದೃಷ್ಟಿ ಹರಿಯುವುದು ವಾಡಿಕೆ. ದಿನಬಳಕೆಯ ಸಣ್ಣ ವಸ್ತು ಮನಸ್ಸನ್ನು ಸದ್ದಿಲ್ಲದೆ ಸೆಳೆಯುವ ಬಗೆಯನ್ನು ವಚನಗಳಲ್ಲಿ ಅರಸುವವರು ವಿರಳ. 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ವಚನಗಳು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿವೆ.

ಲಕ್ಕಮ್ಮನ ಪತಿ ಮಾರಯ್ಯನವರದು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮ ಒಪ್ಪಲಿಲ್ಲ, ಹಿಂದಿರುಗಿ ಹೋಗಿ ಸುರಿದು ಬರುವಂತೆ ನುಡಿದಳು. ಇದನ್ನು ದುರಾಸೆಯ ಖಂಡನೆಯೆಂದು ವಿವರಿಸಿ ಮುಂದೆ ಸಾಗುವವರುಂಟು. ಆ ವಿವರಣೆ ಮಾರಯ್ಯನವರಿಗೂ ನ್ಯಾಯ ಸಲ್ಲಿಸದು, ವಚನಕ್ಕೂ ಸಲ್ಲಿಸದು. ಅವರು ಯಾರ ಪಾಲನ್ನೂ ಕಸಿದವರಲ್ಲ. ನಿತ್ಯದಾಸೋಹದ ಮನೆಯಲ್ಲಿ ನಾಳೆಗೊಂದು ಹಿಡಿ ಇರಲಿ ಎನ್ನಿಸುವುದು ಗೃಹಸ್ಥನಿಗೆ ಸಹಜ. ತುಂಬಿದ ಮಡಕೆ ಕೊಡುವ ನೆಮ್ಮದಿ ನಿಜವಾದದ್ದು. ಅದಕ್ಕಾಗಿಯೇ ಅದರ ಸೆಳೆತ ಗುರುತಿಗೆ ಸಿಗದು.

ಲಕ್ಕಮ್ಮನ ಪದಪ್ರಯೋಗವನ್ನು ಗಮನಿಸಬೇಕು. 'ಒಮ್ಮನ', 'ಇಮ್ಮನ' ಎಂಬ ಮಾತುಗಳು ಒಂದಾಗಿದ್ದ ಮನ ಎರಡಾದುದನ್ನು ಹೇಳುತ್ತವೆ; ಧಾನ್ಯವನ್ನಳೆಯುವ 'ಮಾನ'ದ ನೆನಪೂ ಆ ನಾದದಲ್ಲಿ ಸುಳಿಯುತ್ತದೆ. ಅಕ್ಕಿಯ ಅಳತೆ ಹೆಚ್ಚಿದಲ್ಲಿ ಮನ ಒಡೆಯಿತು. ಇನ್ನೊಂದು ವಚನದಲ್ಲಿ ಅವಳು ಆಸೆಯನ್ನು ಅರಸರಿಗೆ ಬಿಟ್ಟುಕೊಟ್ಟು, ಅಕ್ಕಿಯನ್ನು 'ಈಸು' ಎಂಬ ಕಿರುಮಾತಿನಿಂದ ಸೂಚಿಸುತ್ತಾಳೆ. ರಾಜ್ಯವನ್ನು ಬಯಸುವ ಆಸೆಯೂ ಹಿಡಿಯಕ್ಕಿಯನ್ನು ಬಯಸುವ ಆಸೆಯೂ ಅವಳ ತಕ್ಕಡಿಯಲ್ಲಿ ಸಮತೂಕ.

ಸತ್ಯಕ್ಕನ ಪ್ರಸಿದ್ಧ ವಚನದೊಡನೆ ಇದನ್ನು ಹೋಲಿಸಬಹುದು. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂಬುದು ಅವಳ ಭಾಷೆ. ಅಲ್ಲಿ ವಸ್ತು ಪರರದು, ಗೆರೆ ಸ್ಪಷ್ಟವಾಗಿದೆ. ಲಕ್ಕಮ್ಮನ ಎದುರಿಗಿರುವುದು ಕಾಯಕದಿಂದಲೇ ಬಂದ, ಮನೆಗೆ ಬೇಕಾದ ವಸ್ತು. ಗೆರೆಯನ್ನು ಅವಳೇ ಎಳೆಯಬೇಕು. ಈ ಪರೀಕ್ಷೆ ಹೆಚ್ಚು ಕಠಿಣವಾದುದೆಂದು ನನ್ನ ಭಾವನೆ.

ಆದರೆ ಇದರಿಂದ ಲಕ್ಕಮ್ಮ ವಸ್ತುದ್ವೇಷಿಯೆಂದು ತಿಳಿಯಲಾಗದು. ಅಂದಂದಿನ ಅಕ್ಕಿ ಅವಳಿಗೆ ಪ್ರಿಯವೇ; ಲಿಂಗಕ್ಕೆ ಬೋನವಾಗುವುದು ಅದೇ ತಾನೆ! ಅವಳು ನಿರಾಕರಿಸಿದ್ದು ಮಿಕ್ಕ ಅಳತೆಯನ್ನು ಮಾತ್ರ. ತ್ಯಾಗವೆಂದರೆ ಎಲ್ಲವನ್ನೂ ತೊರೆಯುವುದೆಂದು ಬಗೆದು ನಿಟ್ಟುಸಿರಿಡುವ ಸಂಸಾರಿಗೆ ಈ ವಚನಗಳು ತೀರ ಹತ್ತಿರದ ದಾರಿಯನ್ನು ತೋರುತ್ತವೆ. ಎಂದಾದರೂ ಬೇಕಾದೀತೆಂದು ಅಟ್ಟದ ಮೇಲೆ ಕೂಡಿಟ್ಟ ಪಾತ್ರೆಗಳನ್ನು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಗಳನ್ನು ಒಮ್ಮೆ ನೋಡಿ ಬಂದು ಲಕ್ಕಮ್ಮನನ್ನು ಓದಿದರೆ, ಅವಳ ಪ್ರಶ್ನೆ ಮಾರಯ್ಯನವರೊಬ್ಬರಿಗೇ ಹಾಕಿದ್ದಲ್ಲವೆಂಬುದು ಮನದಟ್ಟಾಗುತ್ತದೆ.