ಹರಕೆ ಮತ್ತು ಡೇರೆ: ಯಕ್ಷಗಾನ ತಿರುಗಾಟದ ಆರ್ಥಿಕ ನೆಲೆ

ಕರಾವಳಿಯ ವೃತ್ತಿಮೇಳಗಳನ್ನು ಕುರಿತ ವಿಮರ್ಶೆಯಲ್ಲಿ ಹರಕೆಯಾಟವನ್ನು ಭಕ್ತಿಯೊಂದಿಗೂ ಡೇರೆಯಾಟವನ್ನು ವ್ಯಾಪಾರದೊಂದಿಗೂ ಸಮೀಕರಿಸುವ ರೂಢಿಯಿದೆ. ಹಣದ ಹರಿವನ್ನು ಗಮನಿಸಿದರೆ ಈ ವಿಭಜನೆ ನಿಲ್ಲುವುದಿಲ್ಲ. ಎರಡೂ ಹಣವನ್ನೇ ಅವಲಂಬಿಸಿವೆ. ನಷ್ಟವನ್ನು ಹೊರುವವರು ಯಾರೆಂಬುದರಲ್ಲಿ ಅವು ಬೇರೆಯಾಗುತ್ತವೆ.

ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳಲ್ಲಿ ಸೇವಾಕರ್ತರು ಕ್ಷೇತ್ರಕ್ಕೆ ಹಣ ಸಲ್ಲಿಸಿ ಆಟವಾಡಿಸುತ್ತಾರೆ. ನೋಡುವವರಿಗೆ ಪ್ರವೇಶ ಮುಕ್ತ. ಹರಕೆಗಳು ವರ್ಷಗಳ ಮೊದಲೇ ನೋಂದಾಯಿತವಾಗಿರುವುದರಿಂದ ಸಭೆಯಲ್ಲಿ ಹತ್ತು ಮಂದಿಯಿದ್ದರೂ ಭಾಗವತ, ಮದ್ದಳೆಗಾರ, ವೇಷಧಾರಿಗಳ ಸಂಬಳಕ್ಕೆ ಧಕ್ಕೆಯಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಡೇರೆ ಮೇಳಗಳ ಸ್ಥಿತಿ ಭಿನ್ನ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಈ ಪರಂಪರೆಯವು. ಡೇರೆ, ಕುರ್ಚಿ, ಲಾರಿ, ಜನರೇಟರ್, ಆಳುಗಳ ಖರ್ಚು ನಿತ್ಯವೂ ಇದ್ದದ್ದೇ. ಟಿಕೇಟಿನ ಗಳಿಕೆ ಮಾತ್ರ ಅನಿಶ್ಚಿತ. ಒಂದು ಅಕಾಲಿಕ ಮಳೆ ಆ ರಾತ್ರಿಯ ಗಳಿಕೆಯನ್ನೆಲ್ಲ ಕಸಿಯಬಲ್ಲದು. ಆದ್ದರಿಂದಲೇ ಆಟವನ್ನು ನಿಗದಿತ ಮೊತ್ತಕ್ಕೆ ಊರಿನ ಸಂಘಟಕರಿಗೆ ವಹಿಸುವ ಕಂಟ್ರಾಕ್ಟ್ ಪದ್ಧತಿ ಬಳಕೆಗೆ ಬಂದಿತು; ನಷ್ಟದ ಭಾರ ಯಜಮಾನನಿಂದ ಸಂಘಟಕನ ಹೆಗಲಿಗೆ ಸರಿಯಿತು. ಹೊಸ ಪ್ರಸಂಗಗಳು, ತೆಂಕಿನ ತುಳು ಪ್ರಸಂಗಗಳು, ಪ್ರಸಿದ್ಧ ಭಾಗವತರಿಗಾಗಿ ನಡೆದ ಪೈಪೋಟಿ ಇವನ್ನು ಕೇವಲ ಅಭಿರುಚಿಯ ಪತನವೆನ್ನುವ ವಿಮರ್ಶೆ ಈ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ತಿರುಗಾಟ ದೀಪಾವಳಿಯ ಬಳಿಕ ತೊಡಗಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದಾಚೆಗಿನ ಮಳೆಗಾಲದ ಹೊಣೆ, ಮೇಳ ಯಾವುದಾದರೂ, ಬಹುಪಾಲು ಕಲಾವಿದನದೇ. ಹೆಸರಾಂತ ಕಲಾವಿದರಿಗೆ ಬೆಂಗಳೂರು, ಮುಂಬಯಿಗಳ ಆಟಗಳೂ ತಾಳಮದ್ದಳೆಗಳೂ ಒದಗುತ್ತವೆ. ಕೋಡಂಗಿ, ಬಾಲಗೋಪಾಲ ವೇಷಗಳ ಹುಡುಗರಿಗೆ ಆ ಅವಕಾಶ ವಿರಳ. ಭಕ್ತಿ ಮತ್ತು ವ್ಯಾಪಾರಗಳ ಚರ್ಚೆ ಮುಟ್ಟದೆ ಬಿಟ್ಟಿರುವುದು ಈ ಅಸಮಾನತೆಯನ್ನೇ. ಮೇಳಗಳ ಮುಂದಿನ ಅಧ್ಯಯನ ರಂಗಸ್ಥಳದಿಂದಲ್ಲ, ಚೌಕಿಯಿಂದ ಆರಂಭವಾಗಬೇಕಾಗಿದೆ.